ಪಾರ್ಕಿನ್ಸನ್ ಮಾತ್ರೆ ಶುರುವಾದ ಮೇಲೆ ತಂದೆಯ ಸ್ವಭಾವವೇ ಬದಲಾಗಿದೆ, ಏಕೆ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಪಾರ್ಕಿನ್ಸನ್ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ನಡುಕ ಹತೋಟಿಯಲ್ಲಿದೆ. ಆದರೆ ಪೈಸೆ ಪೈಸೆಗೂ ಲೆಕ್ಕ ಬರೆದಿಡುತ್ತಿದ್ದವರು ಈಗ ಇಸ್ಪೀಟಿಗೆ ಹಣ ಕಟ್ಟುತ್ತಾರೆ, ಬೇಡದ ಸಾಮಾನುಗಳನ್ನು ಮೊಬೈಲಿನಲ್ಲಿ ತರಿಸುತ್ತಾರೆ. ಇದು ಕಾಯಿಲೆಯೋ, ಮಾತ್ರೆಯೋ ಅಥವಾ ಅವರ ಒಳಗೆ ಮೊದಲಿನಿಂದಲೂ ಇದ್ದ ಗುಣವೋ?

ಉತ್ತರ: ಮೊದಲು ಸಂಶಯ ಪಡಬೇಕಾದುದು ಮಾತ್ರೆಯನ್ನು. ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಇಂದ್ರಿಯಗಳಿಗೂ ಬುದ್ಧಿಗೂ ಧಕ್ಕೆಯಾಗುವುದಿಲ್ಲವೆಂದು ಬರೆದಿದ್ದ. ಆ ಮಾತು ನಿಲ್ಲಲಿಲ್ಲ. ಖಿನ್ನತೆ, ಆತಂಕ ಮತ್ತು ಯಾವುದರಲ್ಲೂ ಮನಸ್ಸಿಲ್ಲದ ನಿರಾಸಕ್ತಿ ಈ ಕಾಯಿಲೆಯ ಭಾಗವೇ ಆಗಿದ್ದು, ಕೆಲವರಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಕಾಣಿಸಿಕೊಳ್ಳುತ್ತವೆ. ಆದರೆ ಕಾಯಿಲೆ ತಾನಾಗಿ ಮನುಷ್ಯನನ್ನು ಸಾಮಾನ್ಯವಾಗಿ ಹಿಂಜರಿಕೆಯ ಕಡೆಗೆ ಎಳೆಯುತ್ತದೆ. ನೀವು ವಿವರಿಸುತ್ತಿರುವುದು ಅದರ ವಿರುದ್ಧ ದಿಕ್ಕಿನ ಬದಲಾವಣೆ.

ಕಾರಣವಿರುವುದು ಡೋಪಮಿನ್ ಎಂಬ ರಾಸಾಯನಿಕದ ಹಂಚಿಕೆಯಲ್ಲಿ. ಮಿದುಳಿನ ಆಳದಲ್ಲಿ ಚಲನೆಯನ್ನು ನೋಡಿಕೊಳ್ಳುವ ಭಾಗದಲ್ಲಿ ಅದು ಮೊದಲು ಬತ್ತುತ್ತದೆ, ಆಸೆ ಮತ್ತು ಲಾಭದ ನಿರೀಕ್ಷೆಯನ್ನು ನಿಭಾಯಿಸುವ ಪಕ್ಕದ ಭಾಗದಲ್ಲಿ ಬಹುಕಾಲ ಉಳಿದಿರುತ್ತದೆ. ಕಾಲುವೆಯ ಕೊನೆಯ ಗದ್ದೆ ಒಣಗಿತೆಂದು ತೂಬು ಪೂರ್ತಿ ಎತ್ತಿದರೆ ಮೊದಲ ಗದ್ದೆಯಲ್ಲಿ ನೀರು ನಿಲ್ಲುವಂತೆ, ಚಲನೆಗೆ ಬೇಕಾದಷ್ಟು ಔಷಧ ಕೊಟ್ಟಾಗ ಆಸೆಯ ಭಾಗಕ್ಕೆ ಅದು ಅತಿಯಾಗಬಹುದು. ಪ್ರಾಮಿಪೆಕ್ಸೋಲ್ ಮತ್ತು ರೋಪಿನಿರೋಲ್ ಎಂಬ ಮಾತ್ರೆಗಳಲ್ಲಿ ಈ ಅಪಾಯ, ಮಿದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಡುವ ಲೀವೊಡೋಪಾ ಎಂಬ ಔಷಧಕ್ಕಿಂತ ಹೆಚ್ಚು, ಏಕೆಂದರೆ ಅವು ಡೋಪಮಿನ್ನಿನ ಜಾಗದಲ್ಲಿ ತಾವೇ ಕೆಲಸ ಮಾಡುತ್ತವೆ ಮತ್ತು ಆಸೆಯ ಭಾಗದಲ್ಲಿ ದಟ್ಟವಾಗಿರುವ ಒಂದು ಬಗೆಯ ಗ್ರಾಹಕಗಳಿಗೆ (ಜೀವಕೋಶದ ಮೇಲೆ ಡೋಪಮಿನ್ ಬಂದು ಕೂರುವ ತಾಣಗಳಿಗೆ) ವಿಶೇಷವಾಗಿ ಅಂಟಿಕೊಳ್ಳುತ್ತವೆ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೂಜು, ಅತಿಯಾದ ಖರೀದಿ, ಮಿತಿಮೀರಿದ ತಿನ್ನುವಿಕೆ, ಹತೋಟಿ ತಪ್ಪಿದ ಲೈಂಗಿಕ ವರ್ತನೆ ಇವುಗಳಲ್ಲಿ ಒಂದಾದರೂ ಇದ್ದವರು ಈ ಗುಂಪಿನ ಔಷಧ ಪಡೆಯುತ್ತಿದ್ದವರಲ್ಲಿ ಶೇ 17.1, ಪಡೆಯದವರಲ್ಲಿ ಶೇ 6.9.

ಮನೆಯವರು ಎಷ್ಟು ಬುದ್ಧಿ ಹೇಳಿದರೂ ನಾಟದಿರುವುದಕ್ಕೂ ಇಲ್ಲಿ ಒಂದು ವಿವರಣೆ ಸಿಗುತ್ತದೆ. 2004ರಲ್ಲಿ ಮಿದುಳಿನ ವಿಜ್ಞಾನಿ ಮೈಕೆಲ್ ಫ್ರ್ಯಾಂಕ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಔಷಧ ನಿಲ್ಲಿಸಿದ್ದ ಪಾರ್ಕಿನ್ಸನ್ ರೋಗಿಗಳು ತಪ್ಪು ಆಯ್ಕೆಯ ಕೆಟ್ಟ ಫಲದಿಂದ ಚೆನ್ನಾಗಿ ಕಲಿತರು. ಔಷಧ ತೆಗೆದುಕೊಂಡಾಗ ಒಳ್ಳೆಯ ಫಲದಿಂದ ಹೆಚ್ಚು ಕಲಿತರು. ಗೆದ್ದ ಆಟ ಮನಸ್ಸಿನಲ್ಲಿ ಅಚ್ಚೊತ್ತಿ, ಸೋತ ಹತ್ತು ಆಟಗಳು ಹಗುರಾಗಿಬಿಡುವ ಸ್ಥಿತಿಯಲ್ಲಿರುವವರಿಗೆ ಸಾಲದ ಲೆಕ್ಕ ತೋರಿಸಿ ಗದರಿಸುವುದರಿಂದ ಮನೆಯಲ್ಲಿ ಜಗಳ ಹೆಚ್ಚಬಹುದೇ ಹೊರತು ಚಟ ನಿಲ್ಲುವುದು ಕಷ್ಟ.

ಹಾಗಾದರೆ ಸ್ವಭಾವಕ್ಕೆ ಪಾತ್ರವೇ ಇಲ್ಲವೇ? ಇದೆ. ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದವರು, ಧೂಮಪಾನ ಮಾಡುವವರು, ಕುಟುಂಬದಲ್ಲಿ ಜೂಜಿನ ಚರಿತ್ರೆ ಇರುವವರು ಹೆಚ್ಚು ಅಪಾಯದಲ್ಲಿರುತ್ತಾರೆ. ಆದರೂ ಹಿಂದೆ ಎಂದೂ ಇಸ್ಪೀಟು ಮುಟ್ಟದವರಲ್ಲೂ ಈ ಚಟ ಹುಟ್ಟಿಕೊಂಡಿರುವುದರಿಂದ, ಒಳಗಿದ್ದದ್ದು ಈಗ ಹೊರಬಂತು ಎಂಬ ತೀರ್ಪು ನನಗೆ ಅನ್ಯಾಯವೆನಿಸುತ್ತದೆ.

ಮಾತ್ರೆ ಯಾವ ತಿಂಗಳು ಶುರುವಾಯಿತು, ಪ್ರಮಾಣ ಯಾವಾಗ ಹೆಚ್ಚಿತು, ಮೊದಲ ಅನುಮಾನಾಸ್ಪದ ಖರ್ಚು ಯಾವಾಗ ಆಯಿತು ಎಂಬುದನ್ನು ಬ್ಯಾಂಕಿನ ಪಾಸ್‌ಬುಕ್ ಎದುರಿಟ್ಟುಕೊಂಡು ಬರೆದು ನ್ಯೂರಾಲಜಿಸ್ಟರಿಗೆ ತೋರಿಸಿ. ಇದನ್ನು ನೀವೇ ಹೇಳಬೇಕಾದೀತು. ರೋಗಿಗಳು ನಾಚಿಕೆಯಿಂದಲೋ, ಇದರಲ್ಲಿ ತಪ್ಪೇನಿದೆ ಎಂಬ ಭಾವನೆಯಿಂದಲೋ ಬಾಯಿ ಬಿಡುವುದಿಲ್ಲ. ವೈದ್ಯರು ನಡುಕ, ನಡಿಗೆ ನೋಡುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ನಸುಗುನ್ನಿ ಬೀಜದ ಪುಡಿಯನ್ನು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ಏಕೆಂದರೆ ಅದರಲ್ಲಿ ಲೀವೊಡೋಪಾ ಸಹಜವಾಗಿಯೇ ಇದೆ.

ನೀವಾಗಿ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ. ಹಠಾತ್ತಾಗಿ ನಿಲ್ಲಿಸಿದರೆ ದೇಹ ಬಿಗಿಯಾಗಿ ಜ್ವರ ಏರಿ ಜೀವಕ್ಕೇ ಅಪಾಯವಾಗಬಹುದು. ವೈದ್ಯರು ನಿಧಾನವಾಗಿ ಇಳಿಸುವಾಗಲೂ ಕೆಲವರಲ್ಲಿ ಆತಂಕ, ಬೆವರು, ತೀವ್ರ ಬೇಸರ ಕಾಣಿಸಿಕೊಳ್ಳುತ್ತವೆ. ಆ ದಿನಗಳಲ್ಲಿ ಅವರನ್ನು ಒಂಟಿಯಾಗಿ ಬಿಡಬೇಡಿ. ಪ್ರಮಾಣ ಇಳಿದಂತೆ ಅಥವಾ ಮಾತ್ರೆ ಬದಲಾದಂತೆ ಹೆಚ್ಚಿನವರಲ್ಲಿ ಈ ವರ್ತನೆ ತಗ್ಗುತ್ತದೆ. ಅಲ್ಲಿಯವರೆಗೆ ಅವರ ಒಪ್ಪಿಗೆಯಿಂದಲೇ ಡೆಬಿಟ್ ಕಾರ್ಡ್ ಮತ್ತು ಯುಪಿಐಗೆ ಸಣ್ಣ ಮಿತಿ ಹಾಕಿಸಿ, ನಿವೃತ್ತಿಯ ಇಡುಗಂಟನ್ನು ಇಬ್ಬರ ಸಹಿ ಬೇಕಾಗುವ ಖಾತೆಗೆ ವರ್ಗಾಯಿಸಿ. ಕೈಖರ್ಚಿನ ಹಣ ಅವರ ಬಳಿಯೇ ಇರಲಿ.