ಮದುರೆಯ ನಾಯಕರು ಲಂಕೆಯನ್ನು ಗೆದ್ದದ್ದು ಯಾವಾಗ?

ಪ್ರಶ್ನೆ: ಕ್ಯಾಂಡಿಯ ಕೊನೆಯ ರಾಜರು ಮದುರೆ ಕಡೆಯವರಂತೆ. ಅವರು ಲಂಕೆಯನ್ನು ಗೆದ್ದದ್ದು ಯಾವ ಯುದ್ಧದಲ್ಲಿ?

ಯಾವ ಯುದ್ಧದಲ್ಲೂ ಅಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ತಿರುಗಿ ಬರುತ್ತದೆ. ಇರಲಿ, ಇನ್ನೊಮ್ಮೆ ಹೇಳುತ್ತೇನೆ. ಅವರು ದಂಡು ಕಟ್ಟಿಕೊಂಡು ಬಂದವರಲ್ಲ, ದಿಬ್ಬಣದ ಜೊತೆ ಬಂದವರು.

ಕರಾವಳಿ ಆಗ ಡಚ್ಚರ ಕೈಲಿತ್ತು. ಒಳಗಿನ ಬೆಟ್ಟಸೀಮೆಯ ಕ್ಯಾಂಡಿ ಮಾತ್ರ ಸ್ವತಂತ್ರ. ಪಟ್ಟದರಾಣಿ ಕ್ಷತ್ರಿಯಳೇ ಆಗಬೇಕು ಅನ್ನೋದು ಅಲ್ಲಿನ ಕಟ್ಟಳೆ. ಸಿಂಹಳ ಪ್ರಧಾನರ ಮನೆಯ ಹೆಣ್ಣು ಅದಕ್ಕೆ ಆಗುತ್ತಿರಲಿಲ್ಲ. ಹಾಗಾಗಿ ಮದುರೆ ಕಡೆಯಿಂದ ಹೆಣ್ಣು ತರುತ್ತಿದ್ದರು. ಹೆಣ್ಣಿನ ಹಿಂದೆ ಬಂದ ನೆಂಟರು ಅಲ್ಲೇ ಬೇರುಬಿಟ್ಟರು. 1739ರಲ್ಲಿ ಕ್ಯಾಂಡಿಯ ರಾಜ ವೀರ ನರೇಂದ್ರಸಿಂಹ ತೀರಿಕೊಂಡ. ಪಟ್ಟದರಾಣಿಯರಲ್ಲಿ ಗಂಡುಸಂತಾನ ಇರಲಿಲ್ಲ. ಸಿಂಹಳ ಹೆಂಡತಿಯ ಮಗನೊಬ್ಬನಿದ್ದ, ತಾಯಿ ಕ್ಷತ್ರಿಯಳಲ್ಲ ಅಂತ ಅವನನ್ನು ಬದಿಗಿಟ್ಟರು. ಪಟ್ಟ ರಾಣಿಯ ತಮ್ಮನಿಗೆ ಹೋಯ್ತು. ಅವನೇ ಶ್ರೀ ವಿಜಯ ರಾಜಸಿಂಹ. ಭಾವಮೈದ ರಾಜನಾದ, ಅಷ್ಟೇ ಕಥೆ.

'ಹಿಂದೆ ಮದುರೆಯ ಸೈನ್ಯ ಇದ್ದಿರಬೇಕಲ್ವಾ?' ಅಂತ ಆಗಲೇ ಯಾರೋ ಕೇಳುತ್ತಿದ್ದೀರಿ. ಸ್ವಲ್ಪ ಇಸವಿ ನೋಡಿ. ಮದುರೆಯ ನಾಯಕರ ರಾಜ್ಯವೇ 1736ರಲ್ಲಿ ಆರ್ಕಾಟಿನ ನವಾಬನ ಅಳಿಯ ಚಂದಾ ಸಾಹೇಬನ ಪಾಲಾಗಿತ್ತು. ವಿಜಯನಗರದ ಅಧಿಕಾರಿಗಳಾಗಿ ಶುರುವಾದ ಮನೆತನ, ಅಲ್ಲಿಗೆ ಮುಗಿಯಿತು. ಸ್ವಂತ ಕೋಟೆ ಉಳಿಸಿಕೊಳ್ಳಲಾಗದವರು ಸಮುದ್ರದಾಚೆ ಸೈನ್ಯ ಕಳಿಸೋದು ಎಲ್ಲಿಂದ? ಕ್ಯಾಂಡಿಗೆ ಹೋದವರು ಮದುರೆಯ ಗದ್ದುಗೆ ಏರಿದವರೂ ಅಲ್ಲ, ಆ ಬಳಗದ ತೆಲುಗು ಮನೆಮಾತಿನ ಜನ.

ಇನ್ನೂ ನಂಬಿಕೆ ಬರಲಿಲ್ವಾ? ಈ ಮನೆತನದ ಎರಡನೆಯ ರಾಜ ಕೀರ್ತಿ ಶ್ರೀಯನ್ನು ನೋಡಿ. 1753ರಲ್ಲಿ ಥಾಯ್ಲೆಂಡಿನಿಂದ ಬೌದ್ಧ ಭಿಕ್ಕುಗಳನ್ನು ಕರೆಸಿ, ಲಂಕೆಯಲ್ಲಿ ನಿಂತೇಹೋಗಿದ್ದ ಉಪಸಂಪದಾ, ಅಂದರೆ ಭಿಕ್ಕುಗಳ ಪೂರ್ಣ ದೀಕ್ಷೆಯನ್ನು ಮತ್ತೆ ಶುರುಮಾಡಿಸಿದವನು ಅವನೇ. ಆದರೂ ಅವನು ಹಣೆಗೆ ವಿಭೂತಿ ಹಚ್ಚುತ್ತಾನೆ ಅಂತ ಕೆಲವರಿಗೆ ಸಿಟ್ಟು. 1760ರಲ್ಲಿ ಪ್ರಧಾನರೂ ಭಿಕ್ಕುಗಳೂ ಸೇರಿ ಅವನನ್ನು ಮುಗಿಸಲು ಸಂಚು ಹೂಡಿದರು. ಅವನ ಜಾಗಕ್ಕೆ ಯಾರನ್ನು ಆರಿಸಿದ್ದರು ಗೊತ್ತಾ? ಥಾಯ್ ರಾಜಕುಮಾರನನ್ನು! ಪರದೇಶಿ ಅನ್ನೋದೇ ತಕರಾರಾಗಿದ್ದರೆ ಹೀಗೆ ಮಾಡುತ್ತಿದ್ದರಾ? ಸಿಟ್ಟು ಇದ್ದದ್ದು ವಿಭೂತಿಯ ಮೇಲೆ, ಗೆದ್ದು ಬಂದವನು ಅನ್ನೋದರ ಮೇಲಲ್ಲ.

ನಾಲ್ಕನೆಯವನೇ ಕೊನೆಯವನು, ಶ್ರೀ ವಿಕ್ರಮ ರಾಜಸಿಂಹ. 1815ರಲ್ಲಿ ಅವನದೇ ಪ್ರಧಾನರು ಬ್ರಿಟಿಷರ ಜೊತೆ ಸೇರಿ ಅವನನ್ನು ಇಳಿಸಿದರು. ವೆಲ್ಲೂರಿನ ಕೋಟೆಯಲ್ಲಿ ಸೆರೆಯಲ್ಲಿದ್ದು 1832ರಲ್ಲಿ ತೀರಿಕೊಂಡ.

ಅವನ ಸಿಂಹಾಸನದ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳಿಬಿಡುತ್ತೇನೆ. ಮರಕ್ಕೆ ಚಿನ್ನದ ತಗಡು ಹೊದಿಸಿದ ಕುರ್ಚಿ ಅದು, ಕೈ ಇಡುವ ಕಡೆ ಎರಡು ಸಿಂಹ. 1693ರಲ್ಲಿ ಕ್ಯಾಂಡಿಯ ರಾಜನಿಗೆ ಡಚ್ಚರು ಕೊಟ್ಟ ಉಡುಗೊರೆ. ಬ್ರಿಟಿಷರು ಇಂಗ್ಲೆಂಡಿಗೆ ಹೊತ್ತೊಯ್ದರು, 1934ರಲ್ಲಿ ವಾಪಸ್ ಕೊಟ್ಟರು. ಈಗ ಕೊಲಂಬೊದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಕ್ಯಾಂಡಿಗೆ ಹೋಗಿ ಸುಮ್ನೆ ಹುಡುಕಬೇಡಿ.