ಕಾಡಿಲ್ಲದ ಊರಿನಲ್ಲಿ ಮನಸ್ಸು ಹಗುರಾಗುವುದು ಎಲ್ಲಿ?

ಪ್ರಶ್ನೆ: ಒತ್ತಡ ಹೆಚ್ಚಾದರೆ ನಿಸರ್ಗದ ಮಡಿಲಿಗೆ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ವಿಜಯಪುರದಲ್ಲಿ ಕಾಡಿಲ್ಲ, ಜಲಪಾತವಿಲ್ಲ; ಇರುವುದು ಬಿಸಿಲು ಮತ್ತು ದೂಳು. ದಾಂಡೇಲಿಗೋ ಆಗುಂಬೆಗೋ ಹೋಗಲು ರಜೆಯೂ ಇಲ್ಲ, ಹಣವೂ ಇಲ್ಲ. ನಮ್ಮಂಥವರು ಏನು ಮಾಡಬೇಕು?

ಉತ್ತರ: ಒಂದು ಬೇವಿನ ಗಿಡ ಸಾಕು. ಇದನ್ನು ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಅವ್ವನಿಗೆ ಡಯಾಲಿಸಿಸ್ ಶುರುವಾದ ವರ್ಷ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗುತ್ತಿದ್ದೆವು. ಪ್ರತಿ ಸಲ ನಾಲ್ಕು ತಾಸು. ಅವ್ವ ಒಳಗೆ, ನಾನು ಹೊರಗೆ. ಮೋಟಾರ್ ಸೈಕಲ್ ನಿಲ್ಲಿಸುವ ಜಾಗದಲ್ಲಿ ಒಂದು ಬೇವಿನ ಗಿಡವಿತ್ತು (ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೆಸರು). ಅದರ ಕಟ್ಟೆಯ ಮೇಲೆ ಕುಳಿತು ಔಷಧಿಯ ಚೀಟಿ ಎಣಿಸುತ್ತಿದ್ದೆ, ಸಾಲ ಯಾರ ಹತ್ತಿರ ಕೇಳಲಿ ಎಂದು ಯೋಚಿಸುತ್ತಿದ್ದೆ. ಗಿಡದ ನೆರಳನ್ನು ಬಳಸಿಕೊಂಡೆನೇ ಹೊರತು ಎಷ್ಟೋ ವಾರ ಗಿಡವನ್ನು ನೋಡಿರಲಿಲ್ಲ. ಫೆಬ್ರುವರಿಯ ಕೊನೆಗೆ ಒಂದು ಹಳದಿ ಎಲೆ ಕೈಯಲ್ಲಿದ್ದ ಬಿಲ್ಲಿನ ಮೇಲೆ ಬಿತ್ತು. ತಲೆ ಎತ್ತಿದರೆ ಗಿಡ ಅರ್ಧ ಬರಿದಾಗಿತ್ತು. ಕೆಲವು ದಿನಗಳಲ್ಲಿ ತಾಮ್ರದ ಬಣ್ಣದ ಚಿಗುರು ಬಂತು. ಯುಗಾದಿಯ ಹೊತ್ತಿಗೆ ಬಿಳಿ ಹೂವು. ಕಟ್ಟೆಯ ಮೇಲೆಲ್ಲ ಅದರ ನವಿರಾದ ವಾಸನೆ. ಹೊರಗೆ ಬಂದ ಕೂಡಲೇ ಅವ್ವ ಕೇಳುತ್ತಿದ್ದಳು: “ಇವತ್ತು ಗಿಡ ಹೇಗಿದೆ?” ರಕ್ತದ ವರದಿಯಲ್ಲಿ ಅದರಿಂದ ಏನೂ ಬದಲಾಗಲಿಲ್ಲ. ಕಾಯಿಲೆಯನ್ನು ಬಿಟ್ಟು ಮಾತನಾಡಲು ನಮ್ಮಿಬ್ಬರಿಗೆ ಒಂದು ವಿಷಯ ಸಿಕ್ಕಿತು. ಆ ದಿನಗಳಲ್ಲಿ ಅದೇ ದೊಡ್ಡದಾಗಿತ್ತು.

ಗಿಡಕ್ಕೂ ಆಸ್ಪತ್ರೆಗೂ ಇರುವ ನಂಟನ್ನು ವಿಜ್ಞಾನಿಗಳೂ ಗಮನಿಸಿದ್ದಾರೆ. ಅಮೆರಿಕದ ರೋಜರ್ ಉಲ್ರಿಚ್ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳ ದಾಖಲೆಗಳನ್ನು ಹೋಲಿಸಿ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಗಿತ್ತು. ಮನೋವಿಜ್ಞಾನಿಗಳು ಕೊಡುವ ಒಂದು ಕಾರಣ ನನಗೆ ಸರಿಯೆನಿಸುತ್ತದೆ. ಲೆಕ್ಕ, ಫೋನ್, ವಾಹನ ಸಂಚಾರ ಎಲ್ಲವೂ ನಮ್ಮ ಗಮನವನ್ನು ಬಲವಂತವಾಗಿ ಹಿಡಿದಿಡುತ್ತವೆ, ಅದರಿಂದ ಮನಸ್ಸು ದಣಿಯುತ್ತದೆ. ಅಲುಗುವ ಎಲೆ, ಹರಿಯುವ ನೀರು ಗಮನವನ್ನು ಸೆಳೆಯುತ್ತವೆಯಾದರೂ ಏನನ್ನೂ ಕೇಳುವುದಿಲ್ಲ. ಎಷ್ಟು ಹೊತ್ತು ಬೇಕು ಎನ್ನುವವರಿಗೆ: ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಕುರಿತ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ ಕನಿಷ್ಠ 120 ನಿಮಿಷ ನಿಸರ್ಗದಲ್ಲಿ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವ ಸಾಧ್ಯತೆ ಹೆಚ್ಚಿತ್ತು. ಒಂದೇ ದಿನ ಹೋದರೂ, ಹಲವು ದಿನಗಳಿಗೆ ಹಂಚಿಕೊಂಡರೂ ವ್ಯತ್ಯಾಸ ಕಾಣಲಿಲ್ಲ.

ಇನ್ನು ವಿಜಯಪುರದಲ್ಲಿ ಏನೂ ಇಲ್ಲ ಎಂಬ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಮುಹಮ್ಮದ್ ಆದಿಲ್ ಶಾಹ ನಗರಕ್ಕೆ ನೀರು ಕೊಡಲು 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬ್ ಇದೆ, ಭೂತನಾಳ ಕೆರೆ ಇದೆ. ಗೋಳಗುಮ್ಮಟದ ಗೋಡೆಯ ಸಂದುಗಳಿಂದ ಗಿಳಿಗಳು ಕಿರುಚುತ್ತ ಹೊರಡುವುದನ್ನು ಬೆಳಿಗ್ಗೆ ನಿಂತು ನೋಡಿ. ರಜೆಯ ದಿನ ಸಿಕ್ಕರೆ ಆಲಮಟ್ಟಿಯ ಹಿನ್ನೀರಿನ ದಂಡೆಗೆ ಹೋಗಬಹುದು. ನೀರು ಇಳಿಯತೊಡಗಿದಾಗ ಅಲ್ಲಿ ಫ್ಲೆಮಿಂಗೊಗಳು ಬಂದಿಳಿಯುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಆದ್ದರಿಂದ ಏಳು ಗಂಟೆಯೊಳಗೆ ಮುಗಿಸಿಕೊಳ್ಳಿ.

ಆದರೆ ನಮ್ಮ ನಿಜವಾದ ಸಂಪತ್ತು ಡೋಣಿ ನದಿಯ ಬಯಲಿನ ಎರೆಹೊಲ. “ಡೋಣಿ ಬೆಳೆದರೆ ಓಣೆಲ್ಲ ಜೋಳ” ಎಂದ ಹಿರಿಯರು ಸುಗ್ಗಿಯನ್ನು ಲೆಕ್ಕ ಹಾಕಿದಂತೆ ಕಣ್ಣಿನ ಹಬ್ಬವನ್ನೂ ಲೆಕ್ಕ ಹಾಕಿರಬೇಕು. ಡಿಸೆಂಬರಿನಲ್ಲಿ ಆಳೆತ್ತರದ ಬಿಳಿಜೋಳದ ನಡುವೆ ನಿಂತರೆ ಗಾಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಗುವುದು ಕಾಣುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದ ಅದೇ ನೆಲ ಮಳೆಗೆ ಉಬ್ಬಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಮೊದಲ ಮಳೆಯ ವಾಸನೆಗೆ ಮುಖ್ಯ ಕಾರಣ ಮಣ್ಣಿನ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್. ಅದು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮನುಷ್ಯನ ಮೂಗು ಗುರುತಿಸುತ್ತದೆ. ಮಳೆಗಾಲದಲ್ಲಿ ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗಂಡು ಗೀಜಗ ಗೂಡು ನೇಯುವುದನ್ನು ಅರ್ಧ ತಾಸು ನೋಡಿ. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಚರಗ (ಭೂಮಿತಾಯಿಗೆ ಅರ್ಪಿಸುವ ಅಡುಗೆ) ಚೆಲ್ಲಿ, ಬುತ್ತಿ ಬಿಚ್ಚಿ, ಎಲ್ಲರೂ ನೆಲದ ಮೇಲೆ ಕುಳಿತು ಉಣ್ಣುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ. ಸ್ವಂತ ಹೊಲ ಇಲ್ಲದವರನ್ನೂ ಕರೆದೊಯ್ಯುತ್ತಾರೆ. ಕರೆದರೆ ತಪ್ಪದೆ ಹೋಗಿ.

ಒಂದು ಮಾತನ್ನು ಮುಚ್ಚಿಡಲಾರೆ. ಹೊಲವೇ ಸಾಲದ ಚಿಂತೆ ತಂದಿರುವ ರೈತರಿಗೆ ಹೊಲ ನೋಡಿ ನೆಮ್ಮದಿ ಪಡೆಯಿರಿ ಎನ್ನುವುದು ಕ್ರೂರವಾಗುತ್ತದೆ. ಅಂಥವರ ಕಣ್ಣಿಗೆ ಬೇರೇನಾದರೂ ಬೀಳಲಿ: ಗುಡಿಯ ಮುಂದಿನ ಅರಳಿ, ಊರ ಕೆರೆ, ರಾತ್ರಿ ಮಾಳಿಗೆಯ ಮೇಲಿನ ಚುಕ್ಕಿಗಳು. ಮನೆಯವರು “ಹೋಗಿ ಬಾ” ಎನ್ನುವ ಬದಲು ಜೊತೆಗೆ ಹೊರಡಿ. ಮಾತು ಬೇಡವೆನಿಸಿದರೆ ಸುಮ್ಮನೆ ನಡೆಯಿರಿ.

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸಿದರಂತೂ ಒಂದು ದಿನವೂ ಕಾಯದೆ, ವೈದ್ಯರ ಸಹಾಯ ಪಡೆಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯವರೆದುರು ಹೇಳಿಕೊಳ್ಳಲು ಸಂಕೋಚವಾದರೆ ಹತ್ತಿರದ ಬೇವಿನ ಕಟ್ಟೆಯ ಮೇಲೆ ಕುಳಿತು ಫೋನ್ ಮಾಡಿ.