ಯಾವ ತಾಯಿಮೀನಿನ ಮೊಟ್ಟೆ ದೊಡ್ಡದು?

ಅಟ್ಲಾಂಟಿಕ್ ಸಾಲ್ಮನ್ ಸಮುದ್ರದಲ್ಲಿ ಬೆಳೆದರೂ ಮೊಟ್ಟೆ ಇಡಲು ಹೊಳೆಗೇ ಬರುತ್ತದೆ. ಬಾಲದಿಂದ ಜಲ್ಲಿ ಕೆದರಿ ಗುಂಡಿ ಮಾಡಿ, ಕೆಲವು ಸಾವಿರ ಮೊಟ್ಟೆ ಇಟ್ಟು ಮುಚ್ಚುತ್ತದೆ. ಒಂದೊಂದೂ ಸುಮಾರು 5-6 ಮಿಲಿಮೀಟರ್. ನಮ್ಮ ರೋಹು, ಕಾಟ್ಲಾ ಹಾಗಲ್ಲ. ಸಣ್ಣ ಮೊಟ್ಟೆಗಳನ್ನು ಲಕ್ಷಗಟ್ಟಲೆ ನೀರಿಗೆ ಬಿಟ್ಟು ಹೊರಟುಬಿಡುತ್ತವೆ.

ಜಾತಿಯಿಂದ ಜಾತಿಗೆ ಹೀಗೆ ವ್ಯತ್ಯಾಸ ಇರುವುದು ಸರಿ. ಆದರೆ ಒಂದೇ ಜಾತಿಯೊಳಗೂ ಒಂದು ತಾಯಿಯ ಮೊಟ್ಟೆ ದಪ್ಪ, ಇನ್ನೊಂದರದ್ದು ಸಣ್ಣ. ಅದು ಯಾಕೆ?

ಸ್ವೀಡನ್ನಿನ ಮೀನು ವಿಜ್ಞಾನಿ ಗುನ್ನಾರ್ ಸ್ವಾರ್ಡ್‌ಸನ್ 1949ರಲ್ಲೇ ಇದನ್ನು ಎತ್ತಿದ್ದರು. ಮೊಟ್ಟೆ ಜಾಸ್ತಿ ಇಟ್ಟಷ್ಟೂ ಲಾಭ ಅನ್ನುವುದಾದರೆ ಮೀನುಗಳು ಇನ್ನೂ ಸಣ್ಣ ಮೊಟ್ಟೆಗಳನ್ನು ಇನ್ನೂ ಹೆಚ್ಚು ಇಡಬೇಕಿತ್ತು, ಅಲ್ವಾ? ಇಡುತ್ತಿಲ್ಲ. ಯಾಕೆಂದರೆ ಮೊಟ್ಟೆಯ ಹಳದಿಯೇ ಮರಿಗೆ ತಾಯಿ ಕಟ್ಟಿಕೊಡುವ ಬುತ್ತಿ. ಅದು ಕಡಿಮೆಯಾದರೆ ಮರಿಯೂ ಚಿಕ್ಕದು, ಸಾಯುವ ಸಂಭವವೂ ಹೆಚ್ಚು.

1974ರಲ್ಲಿ ಸ್ಮಿತ್ ಮತ್ತು ಫ್ರೆಟ್‌ವೆಲ್ ಇದಕ್ಕೊಂದು ಲೆಕ್ಕ ಕೊಟ್ಟರು. ಒಂದು ಪರಿಸರದಲ್ಲಿ ಮೊಟ್ಟೆಗೆ ಒಂದು ಸೂಕ್ತ ಗಾತ್ರ ಇರುತ್ತದೆ. ತಾಯಿ ದೊಡ್ಡದಾದರೆ ಮೊಟ್ಟೆಗಳ ಸಂಖ್ಯೆ ಹೆಚ್ಚಬೇಕು, ಗಾತ್ರ ಅಷ್ಟೇ ಇರಬೇಕು. ಕಾಗದದ ಮೇಲೆ ಚೆಂದ. ಹೊಳೆಯಲ್ಲಿ ನೋಡಿದರೆ ಅನೇಕ ಜಾತಿಗಳಲ್ಲಿ ದೊಡ್ಡ ತಾಯಿಯ ಮೊಟ್ಟೆಯೂ ದೊಡ್ಡದೇ! ಒಂದೇ ಕಡೆ ಹುಟ್ಟುವ ಒಡಹುಟ್ಟಿದವರು ಹೆಚ್ಚಾದಂತೆ ಅವರೊಳಗೇ ಪೈಪೋಟಿ ಹೆಚ್ಚುತ್ತದೆ, ಅದಕ್ಕೇ ದೊಡ್ಡ ತಾಯಿ ಮರಿಗಳನ್ನೂ ಗಟ್ಟಿ ಮಾಡಿ ಕಳಿಸುತ್ತದೆ ಎಂದು 1986ರಲ್ಲಿ ಪಾರ್ಕರ್ ಮತ್ತು ಬೆಗನ್ ವಾದಿಸಿದರು.

ದೊಡ್ಡ ಮೊಟ್ಟೆಗೆ ಉಸಿರಿನ ತೊಂದರೆ ಎಂಬ ಹಳೆಯ ನಂಬಿಕೆಯೂ ಇತ್ತು. ಗಾತ್ರಕ್ಕೆ ಹೋಲಿಸಿದರೆ ಅದರ ಹೊರಮೈ ಕಡಿಮೆ, ಹಾಗಾಗಿ ಆಮ್ಲಜನಕ ಸಾಲದು ಅನ್ನುವ ತರ್ಕ. ಐನಮ್, ಹೆಂಡ್ರಿ, ಫ್ಲೆಮಿಂಗ್ 2002ರಲ್ಲಿ ಸಾಲ್ಮನ್‌ನ ಹತ್ತಿರದ ನೆಂಟನಾದ ಬ್ರೌನ್ ಟ್ರೌಟ್ ಮೀನಿನ ಮೊಟ್ಟೆಗಳನ್ನು ಆಮ್ಲಜನಕ ಕಡಿಮೆ ಇರುವ ನೀರಿನಲ್ಲಿಟ್ಟು ನೋಡಿದರು. ಹೆಚ್ಚು ಬದುಕಿದ್ದು ದೊಡ್ಡ ಮೊಟ್ಟೆಗಳೇ. ಗಾತ್ರ ಹೆಚ್ಚಿದಷ್ಟು ವೇಗದಲ್ಲಿ ಆಮ್ಲಜನಕದ ಬೇಡಿಕೆ ಹೆಚ್ಚುವುದಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಾರ್ಬರಾ ಟಬೋರ್ಸ್ಕಿ ಅವರ 2006ರ ಪ್ರಯೋಗ. ಆಫ್ರಿಕಾದ ಟ್ಯಾಂಗನೀಕಾ ಸರೋವರದಲ್ಲಿ ಸಿಮೋಕ್ರೋಮಿಸ್ ಎಂಬ ಸಿಕ್ಲಿಡ್ ಮೀನಿದೆ. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಕೆಲವು ಹೆಣ್ಣುಮರಿಗಳಿಗೆ ಚಿಕ್ಕಂದಿನಲ್ಲಿ ಹೊಟ್ಟೆತುಂಬ ಕೊಟ್ಟರು, ಕೆಲವಕ್ಕೆ ಅರೆಹೊಟ್ಟೆ. ಬೆಳೆದ ಮೇಲೆ ಅರೆಹೊಟ್ಟೆಯವೇ ದೊಡ್ಡ ಮೊಟ್ಟೆ ಇಟ್ಟವು. ಅಂದರೆ ತಾಯಿಯ ಇವತ್ತಿನ ಮೈಕಟ್ಟು ನೋಡಿದರೆ ಸಾಲದು, ಅದು ಬೆಳೆದುಬಂದ ದಾರಿಯನ್ನೂ ನೋಡಬೇಕು. ತಾನು ಕಂಡ ಬರಗಾಲಕ್ಕೆ ಮರಿಗಳನ್ನು ಸಜ್ಜು ಮಾಡುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಮನುಷ್ಯ ಸಾಕತೊಡಗಿದರೆ ಲೆಕ್ಕ ಮತ್ತೆ ಬದಲಾಗುತ್ತದೆ. 2003ರಲ್ಲಿ ಡೇನಿಯಲ್ ಹೀತ್ ಮತ್ತು ಸಂಗಡಿಗರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಕಿದ ಚಿನೂಕ್ ಸಾಲ್ಮನ್‌ಗಳ ಮೊಟ್ಟೆ ಕೆಲವೇ ತಲೆಮಾರಿನಲ್ಲಿ ಸಣ್ಣದಾಗಿದೆ ಎಂದರು. ತೊಟ್ಟಿಯಲ್ಲಿ ಸಣ್ಣ ಮರಿಯೂ ಬದುಕುತ್ತದೆ, ಹಾಗಾಗಿ ಹೆಚ್ಚು ಮೊಟ್ಟೆ ಇಡುವ ತಾಯಿಗೇ ಮೇಲುಗೈ. ಎಲ್ಲರೂ ಇದನ್ನು ಒಪ್ಪಲಿಲ್ಲ. ಬೇರೆ ಕಡೆಯ ದಾಖಲೆಗಳಲ್ಲಿ ಅಂಥ ಇಳಿಕೆ ಕಾಣುತ್ತಿಲ್ಲ ಎಂಬ ಆಕ್ಷೇಪ ಬಂತು.

ನಮ್ಮಲ್ಲಿ ರೋಹು, ಕಾಟ್ಲಾದಂಥ ಗೆಂಡೆ ಜಾತಿಯ ಮೀನುಗಳಿಗೆ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸುವುದು 1957ರಲ್ಲಿ ಹೀರಾಲಾಲ್ ಚೌಧುರಿ ಅವರಿಂದ ಶುರುವಾಯಿತು. ಕರ್ನಾಟಕದ ಮರಿ ಉತ್ಪಾದನಾ ಕೇಂದ್ರಗಳನ್ನು ನೋಡಿ ಏಕನಾಥ್ ಮತ್ತು ಡಾಯ್ಲ್ 1990ರಲ್ಲಿ ಬರೆದದ್ದು ಮೊಟ್ಟೆಯ ಗಾತ್ರದ ಬಗ್ಗೆ ಅಲ್ಲ. ಕೆಲವೇ ತಾಯಿಮೀನುಗಳಿಂದ ತಳಿ ಮುಂದುವರಿಸಿದರೆ ರಕ್ತಸಂಬಂಧದ ಸಂತಾನ ಹೆಚ್ಚುತ್ತದೆ ಎಂಬುದರ ಬಗ್ಗೆ. ಆದರೂ ಎರಡು ಕಡೆಯೂ ವಿಷಯ ಒಂದೇ: ಮುಂದಿನ ವರ್ಷಕ್ಕೆ ಯಾವ ಮೀನನ್ನು ತಾಯಿಯಾಗಿ ಉಳಿಸಿಕೊಳ್ಳುತ್ತೇವೆ, ಅದನ್ನು ಹೇಗೆ ಸಾಕುತ್ತೇವೆ. ಬಿತ್ತನೆಮರಿ ಕೊಳ್ಳುವ ರೈತರು ಮರಿಯ ಉದ್ದ, ದರ ಎರಡನ್ನೂ ಕೇಳುತ್ತಾರೆ. ತಾಯಿಮೀನು ಎಲ್ಲಿಯದು, ಎಷ್ಟು ವರ್ಷದ್ದು ಅಂತಲೂ ಕೇಳಬಹುದು.